ಅನಾನ್: ‘ಈಗಲೇ’ ಎಂಬುದು ‘ಆಮೇಲೆ’ ಆದ ಬಗೆ

ಷೇಕ್ಸ್‌ಪಿಯರನ ನಾಟಕಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪುಟ್ಟ ಕ್ರಿಯಾವಿಶೇಷಣ ‘ಅನಾನ್’. ಇಂದಿನ ನಿಘಂಟುಗಳು ಅದಕ್ಕೆ ‘ಇನ್ನು ಸ್ವಲ್ಪ ಹೊತ್ತಿಗೆ’ ಎಂದು ಅರ್ಥ ಹೇಳಿ, ಬಳಕೆ ತಪ್ಪಿದ ಪದವೆಂದು ಗುರುತು ಹಾಕುತ್ತವೆ. ಹುಟ್ಟಿದಾಗ ಅದರಲ್ಲಿ ತಡದ ಸುಳಿವೇ ಇರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದು ಎರಡು ಪದಗಳ ಜೋಡಿ. ಕೂಡಿಸಿ ಓದಿದರೆ ‘ಒಂದರಲ್ಲಿ’. ಅಂದರೆ ಒಂದೇ ಏಟಿಗೆ, ತಕ್ಷಣ. ಕವಿತೆಗಳ ಕೆಳಗೆ ಕವಿಯ ಹೆಸರಿನ ಜಾಗದಲ್ಲಿ ಕಾಣುವ ‘ಅನಾನ್’ ಬೇರೆ. ಅದು ‘ಹೆಸರಿಲ್ಲದ’ ಎಂಬ ಗ್ರೀಕ್ ಮೂಲದ ಪದದ ಮೊಟಕು ರೂಪ.

ಅರ್ಥ ಜಾರಿದ್ದು ಹೇಗೆಂದು ತಿಳಿಯಲು ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗವನ್ನು ನೋಡಬೇಕು. ಲಂಡನ್ನಿನ ಈಸ್ಟ್‌ಚೀಪಿನ ಹೆಂಡದಂಗಡಿಯಲ್ಲಿ ಫ್ರಾನ್ಸಿಸ್ ಎಂಬ ಕೆಲಸದ ಹುಡುಗ. ರಾಜಕುಮಾರ ಅವನನ್ನು ಮಾತಿಗೆಳೆದು ನಿಲ್ಲಿಸಿಕೊಳ್ಳುತ್ತಾನೆ. ಗೆಳೆಯ ಪಾಯಿನ್ಸ್ ಪಕ್ಕದ ಕೋಣೆಯಿಂದ ಕೂಗುತ್ತಲೇ ಇರುತ್ತಾನೆ. ಹುಡುಗನ ಉತ್ತರ ಪ್ರತಿ ಸಲವೂ ‘ಅನಾನ್’. ನಮ್ಮಲ್ಲಾದರೆ ‘ಬಂದೆ ಸ್ವಾಮಿ, ಬಂದೆ’. ಆದರೆ ಕಾಲು ಮಾತ್ರ ಕದಲುವುದಿಲ್ಲ. ಉಪ್ಪರಿಗೆಯ ದೃಶ್ಯದಲ್ಲಿ ಜೂಲಿಯೆಟ್ ಕೂಡ, ದಾದಿ ಒಳಗಿನಿಂದ ಕರೆದಾಗ ಇದೇ ಪದ ಹೇಳಿ ರೋಮಿಯೋನ ಬಳಿಯೇ ಉಳಿಯುತ್ತಾಳೆ. ಬಾಯಲ್ಲಿ ‘ಈಗಲೇ’, ನಡೆಯಲ್ಲಿ ‘ಆಮೇಲೆ’. ಇಂಥ ಸಾವಿರಾರು ಉತ್ತರಗಳನ್ನು ಕೇಳಿ ಕೇಳಿ ಜನ ನಡೆಯನ್ನೇ ಪದದ ಅರ್ಥವೆಂದು ಹಿಡಿದರು ಎನ್ನುವುದೇ ನನಗೆ ಸರಿಯಾಗಿ ಕಾಣುವ ವಿವರಣೆ.

ಯಾಕೆಂದರೆ ಇದು ಅದೊಂದೇ ಪದದ ಕಥೆಯಲ್ಲ. ಇಂದು ದಿನವೂ ಬಳಸುವ ‘ಸೂನ್’ ಹಳೆಯ ಇಂಗ್ಲಿಷಿನಲ್ಲಿ ‘ತಕ್ಷಣ’ವೇ ಆಗಿತ್ತು. ‘ಪ್ರೆಸೆಂಟ್ಲಿ’ಯೂ ಹಾಗೆಯೇ. ‘ಬೈ ಅಂಡ್ ಬೈ’ ಎಂಬ ನುಡಿಗಟ್ಟಂತೂ ಓದುಗರನ್ನು ದಾರಿ ತಪ್ಪಿಸುತ್ತದೆ. 1611ರ ಇಂಗ್ಲಿಷ್ ಬೈಬಲಿನ ಮಾರ್ಕನ ಸುವಾರ್ತೆಯಲ್ಲಿ, ದೊರೆ ಹೆರೋದನ ಮುಂದೆ ಕುಣಿದ ಹುಡುಗಿ ಯೋಹಾನನ ತಲೆಯನ್ನು ಹರಿವಾಣದಲ್ಲಿ ಕೇಳುವಾಗ ಬರುವುದು ಈ ನುಡಿಯೇ. ಇಂದಿನ ಇಂಗ್ಲಿಷ್ ಕಿವಿಗೆ ಅದು ‘ಯಾವಾಗಲಾದರೂ ಕೊಡಿ’ ಎಂದಂತೆ ಕೇಳಿಸುತ್ತದೆ. ಅವಳು ಕೇಳಿದ್ದು ಈ ಕ್ಷಣವೇ, ದೊರೆ ಮನಸ್ಸು ಬದಲಿಸುವುದಕ್ಕೆ ಎಡೆಯೇ ಇಲ್ಲದ ಹಾಗೆ.