ಐಸಿನ ಆಸೆಗೆ ಮನೆ ತೇಲದಿರಲಿ!



ನೀರು, ಐಸು ತಾನೇ ಕೊಡುವ ಫ್ರಿಜ್ಜು ಕೊಂಡಿರಾ? ಸಂತೋಷ. ಪೈಪು ಸಿಕ್ಕಿಸುವ ಮುನ್ನ ಒಂದು ಮಾತು ಕೇಳಿ.

ಅದಕ್ಕೆ ಕುಡಿಯಲು ಯೋಗ್ಯವಾದ ತಣ್ಣೀರನ್ನೇ ಕೊಡಿ. ಫ್ರಿಜ್ಜಿನ ಫಿಲ್ಟರು ಸಾಮಾನ್ಯವಾಗಿ ವಾಸನೆ, ಕಸ ಹಿಡಿಯುತ್ತದೆ, ಅಷ್ಟೇ. ಐಸಾದ ಮಾತ್ರಕ್ಕೆ ಕೊಳಕು ನೀರು ಶುದ್ಧವಾಗುವುದಿಲ್ಲ! ಬೋರ್‌ವೆಲ್ಲಿನ ಗಡಸು ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ.

ಕೈಗೆಟುಕುವ ಕಡೆ ಪ್ರತ್ಯೇಕ ವಾಲ್ವ್ ಹಾಕಿಸಿ. ಹಳೆಯ ಪೈಪು ಬೇಡ. ಮೊದಲು ಬಕೆಟ್ಟಿಗೆ ನೀರು ಹರಿಸಿ, ಆಮೇಲೆ ಜೋಡಿಸಿ. ಪೈಪು ಮಡಚಿಕೊಳ್ಳದಂತೆ ಫ್ರಿಜ್ಜನ್ನು ನಿಧಾನವಾಗಿ ಹಿಂದಕ್ಕೆ ತಳ್ಳಿ. 24 ಗಂಟೆ ಕಳೆದ ಮೇಲೆ ಪ್ರತಿ ಜಾಯಿಂಟನ್ನೂ ಮತ್ತೆ ಮುಟ್ಟಿ ನೋಡಿ. ಮೊದಲ ದಿನದ ಐಸು ಚೆಲ್ಲಿ. ಊರಿಗೆ ಹೊರಟರೆ ವಾಲ್ವ್ ಮುಚ್ಚಿ. ಹನಿ ಜಿನುಗಿದರೆ ಕೆಳಮನೆಯವರ ಸೂರೂ ಹಾಳು!

ಮೆಕ್ಯಾನಿಕ್ ಅವಸರ ಮಾಡಿದರೆ ತಡೆದು ಕೇಳಿ: 'ವಾಲ್ವ್ ಎಲ್ಲಿ?' ಕಾಸು ಕೊಟ್ಟವರು ನಾವು. ಕೇಳುವ ಹಕ್ಕೂ ನಮ್ಮದೇ!