ನೌಕರಿ ಬಿಡುವ ಮೊದಲು ಮನೆಯನ್ನು ಕೇಳಿ

(ಅಮ್ಮತ್ತಿಯಲ್ಲಿ ನಡೆದ ಚಿಂತನಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

 

ನಾನು ಭಾಷಣಕಾರನಲ್ಲ. ಇದೇ ಊರಿನಲ್ಲಿ ಕಾಫಿಪುಡಿ ಮಾಡಿ ಮಾರುವವನು. ಹೋದ ತಿಂಗಳು ದಾಸೋಹದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ತರುಣನೊಬ್ಬ ಕೇಳಿದ: "ಅಣ್ಣ, ಬೆಂಗಳೂರಿನ ಕೆಲಸ ಬಿಟ್ಟು ಊರಲ್ಲೇ ಏನಾದರೂ ಶುರು ಮಾಡೋಣ ಅಂತಿದ್ದೀನಿ. ನೀವು ಬಿಟ್ಟು ಬಂದವರು. ಬಿಡಲೋ, ಬೇಡವೋ?" ಎಲೆಯ ಮುಂದೆ ಕುಳಿತು ಹೇಳಿ ಮುಗಿಸುವ ಉತ್ತರ ಅದಲ್ಲ. ವಿಷಯ ತಿಳಿದ ಪೂಜ್ಯರು, ಆ ಉತ್ತರವನ್ನು ಎಲ್ಲರ ಮುಂದೆ ಹೇಳು ಎಂದು ಅಪ್ಪಣೆ ಮಾಡಿದರು. ಅದಕ್ಕಾಗಿ ನಿಂತಿದ್ದೇನೆ.

ಮೈಸೂರಿನ ಒಂದು ಸಂಸ್ಥೆಯಲ್ಲಿ 17 ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದೆ. ಒಂದನೇ ತಾರೀಖಿಗೆ ಸಂಬಳ. ಇಲ್ಲಿ ಅಪ್ಪಾಜಿಯವರದು ಮೂರು ಎಕರೆ ರೋಬಸ್ಟಾ. ಅವರ ಹರೆಯದಲ್ಲಿ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. 1990ರ ದಶಕದಲ್ಲಿ ಆ ಕಟ್ಟು ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ಯಾರಿಗೆ ಬೇಕಾದರೂ ಮಾರುವಂತಾಯಿತು. ಆದರೂ ನಮ್ಮ ಮನೆಯಲ್ಲಿ ಒಣಗಿಸಿದ ಚೆರಿಯನ್ನು ಮೂಟೆ ಕಟ್ಟಿ, ವ್ಯಾಪಾರಿ ಹೇಳಿದ ಬೆಲೆಗೆ ಕೊಡುವುದೇ ರೂಢಿ.

ನಾನು ಲೆಕ್ಕದವನಲ್ಲವೇ, ಕಾಗದ ತೆಗೆದು ಕುಳಿತೆ. 50 ಕೆಜಿ ಚೆರಿಯ ಸಿಪ್ಪೆ ತೆಗೆಸಿದರೆ ಸುಮಾರು 26 ಕೆಜಿ ಬೀಜ. ಹುರಿದಾಗ ತೂಕ ಇಳಿದು 21–22 ಕೆಜಿ ಪುಡಿ. ಆಗ ಮೂಟೆಗೆ ನಾಲ್ಕು ಸಾವಿರ ರೂಪಾಯಿಯೂ ಇರಲಿಲ್ಲ. ಮೈಸೂರಿನ ಅಂಗಡಿಯಲ್ಲಿ ಪುಡಿಯ ಬೆಲೆ ನೋಡಿದರೆ ಎರಡರ ನಡುವೆ ದೊಡ್ಡ ಅಂತರ. ಆ ಅಂತರವೆಲ್ಲ ಲಾಭ ಎಂದುಕೊಂಡೆ. ಗ್ಯಾಸು, ಪ್ಯಾಕೆಟ್ಟು, ಸಾಗಣೆ, ಅಂಗಡಿಯವರ ಉದ್ರಿ, ಮಾರಾಟವಾಗದೆ ವಾಪಸು ಬರುವ ಮಾಲು, ನನ್ನದೇ ಕೂಲಿ, ಇವು ಯಾವುವೂ ಆ ಕಾಗದದಲ್ಲಿ ಇರಲಿಲ್ಲ.

ಇನ್ನೂ ಒಂದು ಇರಲಿಲ್ಲ. 2019ರ ಕೊನೆಯಲ್ಲಿ ನಾನು ರಾಜೀನಾಮೆ ಕೊಟ್ಟಾಗ ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ, ಎಲ್ಲ ಆದ ಮೇಲೆ ಒಪ್ಪಿಸಿದರಾಯಿತು ಎಂದುಕೊಂಡಿದ್ದೆ. ವಾರದ ನಂತರ ಸಹೋದ್ಯೋಗಿಯ ಮನೆಯವರು ಫೋನು ಮಾಡಿದಾಗ ನನ್ನ ಮನೆಯಾಕೆಗೆ ಗೊತ್ತಾಯಿತು. ಅವಳು ಜಗಳ ಆಡಲಿಲ್ಲ. ರಾತ್ರಿ ಊಟ ಬಡಿಸಿ, "ರೀ, ಕೆಲಸ ಬಿಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಅಷ್ಟೆಲ್ಲ ಲೆಕ್ಕ ಹಾಕಿದಿರಲ್ಲ, ಅದರಲ್ಲಿ ನಾನೂ ಮಗಳೂ ಎಲ್ಲಿದ್ವಿ?" ಎಂದಳು. ಆ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ಪಿ.ಎಫ್. ಹಣವನ್ನೆಲ್ಲ ಹುರಿಯುವ ಯಂತ್ರಕ್ಕೂ ಶೆಡ್ಡಿಗೂ ಹಾಕಿದೆ. 2020ರ ಫೆಬ್ರವರಿಯಲ್ಲಿ ಯಂತ್ರ ಬಂತು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್. ಪುಡಿ ಕೊಳ್ಳುತ್ತಾರೆ ಎಂದು ನಾನು ನಂಬಿದ್ದ ಹೋಂಸ್ಟೇಗಳು, ಹೋಟೆಲುಗಳು ಬಾಗಿಲು ಹಾಕಿದವು. ಸಾಲ ತೀರಿಸಲು ಮನೆಯಾಕೆಯ ಬಳೆ ಅಡವಿಗೆ ಹೋದವು. ಮುಂದೆ ಶಾಲೆಗಳು ತೆರೆದಾಗ ಅವಳು ಪಾಠ ಹೇಳಲು ಹೋದಳು. ಸುಮಾರು ಎರಡು ವರ್ಷ ಮನೆ ನಡೆದದ್ದು ಅವಳ ಸಂಬಳದಿಂದ. ಹೊರಗಿನವರು ನನ್ನನ್ನು ಧೈರ್ಯವಂತ ಎಂದರು. ಧೈರ್ಯ ನನ್ನದು, ಅದರ ಖರ್ಚು ಅವಳದು.

ಉದ್ಯಮದ ಕಥೆಗಳನ್ನು ನಾವು ಅರ್ಧ ಮಾತ್ರ ಕೇಳಿಸಿಕೊಳ್ಳುತ್ತೇವೆ. ಮೈಸೂರಿನಲ್ಲಿ ಓದಿದ ನಾರಾಯಣಮೂರ್ತಿಯವರು ಕೆಲಸ ಬಿಟ್ಟು 1981ರಲ್ಲಿ ಗೆಳೆಯರೊಡನೆ ಇನ್ಫೋಸಿಸ್ ಕಟ್ಟಿದರು, ಸುಧಾ ಮೂರ್ತಿಯವರು ಕೂಡಿಟ್ಟಿದ್ದ ಹತ್ತು ಸಾವಿರ ರೂಪಾಯಿ ಕೊಟ್ಟರು ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಅವರು ಶುರು ಮಾಡಿದ್ದ ಸಾಫ್ಟ್ರಾನಿಕ್ಸ್ ನಡೆಯದೆ ಮತ್ತೆ ನೌಕರಿಗೆ ಸೇರಿದ್ದರು ಎಂಬುದು ನೆನಪಿಗೆ ಬರುವುದಿಲ್ಲ. ಮೂರು ವರ್ಷ ಮನೆಯ ಭಾರ ನನ್ನದು ಎಂದು ಸುಧಾ ಅವರು ಒಪ್ಪಿಕೊಂಡದ್ದೂ ನೆನಪಿಗೆ ಬರುವುದಿಲ್ಲ. ಅಲ್ಲಿ ಮನೆಯವರನ್ನು ಕೇಳಿದ್ದರು, ಅವಧಿಯನ್ನೂ ಮಾತಾಡಿದ್ದರು. ನಾನು ಎರಡನ್ನೂ ಮಾಡಿರಲಿಲ್ಲ.

ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. 2024ರ ಏಪ್ರಿಲ್ ಹೊತ್ತಿಗೆ ರೋಬಸ್ಟಾ ಚೆರಿ ಮೂಟೆಗೆ ಹತ್ತು ಸಾವಿರ ದಾಟಿತು. ವಿಯೆಟ್ನಾಮಿನಲ್ಲಿ ಬೆಳೆ ಕಡಿಮೆಯಾದರೆ ಅಮ್ಮತ್ತಿಯಲ್ಲಿ ಬೆಲೆ ಏರುತ್ತದೆ. ಒಂದೇ ಮನೆಯಲ್ಲಿ ಅಪ್ಪಾಜಿಗೆ ಹಬ್ಬ, ನನಗೆ ಸಂಕಟ. ನಮ್ಮ ತೋಟದ್ದು ಸಾಲದೆ ನಾನು ಹೊರಗಿನಿಂದ ಕೊಳ್ಳುವವನು. ಒಬ್ಬ ಅಂಗಡಿಯವರು, "ಚಿಕೋರಿ ಜಾಸ್ತಿ ಹಾಕಿ, ಲೇಬಲ್ ಹಾಗೇ ಇರಲಿ. ಯಾರಿಗೆ ಗೊತ್ತಾಗುತ್ತೆ?" ಎಂದರು. ಚಿಕೋರಿ ಸೇರಿಸುವುದು ತಪ್ಪಲ್ಲ. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಎಷ್ಟು ಸೇರಿಸಿದ್ದೇವೋ ಅಷ್ಟನ್ನೇ ಪ್ಯಾಕೆಟ್ಟಿನ ಮೇಲೆ ಬರೆಯಬೇಕು. ನನ್ನ ಪ್ಯಾಕೆಟ್ಟಿನ ಮೇಲೆ 80–20 ಎಂದಿತ್ತು. ಒಂದು ರಾತ್ರಿ ಚಿಕೋರಿ ಚೀಲದ ಮುಂದೆ ಬಹಳ ಹೊತ್ತು ನಿಂತಿದ್ದೆ. ಕೈ ಚೀಲದ ಒಳಗೂ ಹೋಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಹದಿನೇಳು ವರ್ಷ ಪ್ರಾಮಾಣಿಕನಾಗಿದ್ದೆ ಎಂದು ಹೆಮ್ಮೆಪಟ್ಟಿದ್ದೆ. ಆದರೆ ಸಂಬಳದಲ್ಲಿದ್ದಾಗ ನನ್ನ ಪ್ರಾಮಾಣಿಕತೆಗೆ ನಾನು ಕೈಯಿಂದ ದುಡ್ಡು ಕೊಟ್ಟಿರಲಿಲ್ಲ. ವ್ಯಾಪಾರದಲ್ಲಿ ಪ್ರತಿ ಪ್ಯಾಕೆಟ್ಟಿಗೂ ಕೊಡಬೇಕು.

ಆಯ್ದಕ್ಕಿ ಮಾರಯ್ಯ ಒಂದು ದಿನ ಮಹಾಮನೆಯ ಅಂಗಳದಿಂದ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮ ಅದನ್ನು ತಿರುಗಿ ಸುರಿದು ಬರಲು ಕಳಿಸಿದಳು. ಈ ಪ್ರಸಂಗವನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ರಾತ್ರಿ ಮನೆಯಾಕೆ ಶೆಡ್ಡಿಗೆ ಬಂದಳು. ಈ ಸಲ ನಾನು ಮುಚ್ಚಿಡಲಿಲ್ಲ, ಇದ್ದದ್ದು ಹೇಳಿದೆ. "ಬೆಲೆ ಏರಿಸೋಣ. ಗಿರಾಕಿ ಹೋದರೆ ಹೋಗಲಿ, ಉಳಿದಷ್ಟು ನಡೆಯಲಿ" ಎಂದಳು. ಏರಿಸಿದೆವು. ಹಲವು ಅಂಗಡಿಗಳು ಕೈಬಿಟ್ಟವು. ಎಲ್ಲರೂ ತಿರುಗಿ ಬಂದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಇವತ್ತಿಗೂ ಹಳೆಯ ಸಂಬಳದಷ್ಟು ಎಲ್ಲ ತಿಂಗಳೂ ಬರುವುದಿಲ್ಲ. ಇಬ್ಬರು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿದ್ದೇನೆ, ಅವರ ಕೂಲಿ ಇದುವರೆಗೆ ತಡವಾಗಿಲ್ಲ. ನನ್ನ ಸಾಧನೆ ಅಷ್ಟೇ.

ಈಗ ಆ ತರುಣನಿಗೆ ಉತ್ತರ. ತಮ್ಮಾ, ನೌಕರಿ ಗುಲಾಮಗಿರಿ, ಸ್ವಂತ ಉದ್ಯಮವೇ ಕಾಯಕ ಎಂದು ಯಾರಾದರೂ ಹೇಳಿದರೆ ನಂಬಬೇಡ. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ನುಲಿಯ ಚಂದಯ್ಯ ಹಗ್ಗ ಹೊಸೆದು ಮಾರಿದವನು. ಇಬ್ಬರೂ ಶರಣರೇ. ದುಡ್ಡು ಯಾರು ಕೊಡುತ್ತಾರೆ ಎಂಬುದರಿಂದ ಕೆಲಸ ಕಾಯಕವಾಗುವುದಿಲ್ಲ. ಬೆಂಗಳೂರಿನ ಕೆಲಸದಲ್ಲೇ ಉಳಿದರೆ ನೀನು ಹೇಡಿಯೂ ಅಲ್ಲ.

ಬಿಡುವುದಾದರೆ, ಮೊದಲು ಮನೆಯವರನ್ನು ಕೂರಿಸಿಕೊಂಡು ಕೇಳು. ಒಪ್ಪಿಸುವುದಕ್ಕಲ್ಲ, ಕೇಳುವುದಕ್ಕೆ. ಅವರು ಬೇಡ ಎಂದರೆ ಕಾರಣ ಬರೆದುಕೋ, ನಿನ್ನ ಲೆಕ್ಕದಲ್ಲಿ ಬಿಟ್ಟುಹೋದದ್ದು ಅದರಲ್ಲಿ ಸಿಗುತ್ತದೆ. ಒಂದು ವರ್ಷದ ಮನೆಖರ್ಚನ್ನು ಬೇರೆಯೇ ತೆಗೆದಿಡು, ಯಂತ್ರ ಎಷ್ಟೇ ಚೆನ್ನಾಗಿರಲಿ ಅದಕ್ಕೆ ಕೈ ಹಾಕಬೇಡ. ಕಿರು ಆಹಾರ ಘಟಕಗಳಿಗೆ 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಯೋಜನಾ ವೆಚ್ಚದ ನೂರಕ್ಕೆ 35ರಷ್ಟು, ಹತ್ತು ಲಕ್ಷದ ಮಿತಿಯಲ್ಲಿ, ಸಹಾಯಧನ ಇತ್ತು. ನಾನು ಶುರು ಮಾಡಿದಾಗ ಅದು ಇರಲಿಲ್ಲ, ಈಗಲೂ ಇದೆಯೇ ಎಂದು ನೀನು ವಿಚಾರಿಸು. ಸಾಧ್ಯವಾದರೆ ರಜೆಯ ದಿನಗಳಲ್ಲಿ ಸ್ವಲ್ಪ ಮಾಡಿ, ನೆಂಟರಿಗಲ್ಲ, ಗುರುತಿಲ್ಲದವರಿಗೆ ಮಾರಿ ನೋಡು. ಅವರು ಎರಡನೇ ಸಲ ಕೊಳ್ಳುತ್ತಾರೋ ಇಲ್ಲವೋ, ಅದು ನಿನಗೆ ಹೇಳುತ್ತದೆ.

ಕೊನೆಗೆ ಒಂದು. ನಷ್ಟ ಬಂದ ದಿನವೂ ಲೇಬಲ್ಲಿನಲ್ಲಿ ಬರೆದಷ್ಟನ್ನೇ ಒಳಗೆ ಹಾಕಬಲ್ಲೆನೇ ಎಂದು ನಿನ್ನನ್ನೇ ಕೇಳಿಕೋ. ಆ ದಿನ ಬಂದೇ ಬರುತ್ತದೆ. ಆಗ, ಇದು ಹೆಚ್ಚಾಯಿತು ತಿರುಗಿ ಸುರಿದು ಬಾ ಎನ್ನುವವರು ಮನೆಯಲ್ಲಿರಬೇಕು. ಅವರು ಹಾಗೆ ಹೇಳಬೇಕಾದರೆ ಮೊದಲ ದಿನದಿಂದಲೇ ಅವರಿಗೆ ಎಲ್ಲ ಗೊತ್ತಿರಬೇಕು.

ನನ್ನ ಮನೆಯಾಕೆ ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಈ ಮಾತುಗಳನ್ನು ಇಲ್ಲಿ ಹೇಳಲು ಅವಳನ್ನು ಕೇಳಿಕೊಂಡೇ ಬಂದಿದ್ದೇನೆ.