ಮಾವ ಒಯ್ದ ಪುಸ್ತಕ

ನಮ್ಮ ಕನ್ಯಾನದ ಕಡೆ, ನಾನು ಚಿಕ್ಕವನಿದ್ದಾಗ, ಶಿವರಾಮ ಕಾರಂತರ ಹೆಸರೆತ್ತಿದರೆ ಚಾವಡಿಯ ಮಾತು ಬಿಸಿಯಾಗುತ್ತಿತ್ತು. ಕಾದಂಬರಿಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಜಗಳವೆಲ್ಲ ಯಕ್ಷಗಾನದ್ದು. ವಿಟ್ಲ ಸೀಮೆಯೆಂದರೆ ತಾಳಮದ್ದಳೆಯ ನೆಲ. ಇಲ್ಲಿಯ ಜನ ರಾತ್ರಿಯಿಡೀ ನಿದ್ದೆಗೆಟ್ಟು ಕೂರುವುದೇ ಅರ್ಥ, ಎಂದರೆ ಪಾತ್ರಗಳ ಮಾತು, ಕೇಳಲು. ಕಾರಂತರೋ ತಮ್ಮ ಪ್ರಯೋಗಗಳಲ್ಲಿ ಆ ಮಾತನ್ನೇ ಕೈಬಿಟ್ಟು ಪಿಟೀಲು, ಸ್ಯಾಕ್ಸೊಫೋನ್ ತಂದರು. ಅದು ಸಾಲದೆಂಬಂತೆ, ರಾಮಾಯಣದ ಪ್ರಸಂಗಗಳು ಕುಂಬಳೆಯ ಕವಿ ಪಾರ್ತಿಸುಬ್ಬನವಲ್ಲ ಎಂದೂ ವಾದಿಸಿದರು. "ನಮ್ಮ ಸುಬ್ಬನನ್ನು ಕಸಿದುಕೊಂಡ ಜನ ಅದು" ಎನ್ನುತ್ತಿದ್ದರು ನನ್ನ ಸೋದರಮಾವ. ನಾನು ತಲೆಯಾಡಿಸುತ್ತಿದ್ದೆ. ಯಕ್ಷಗಾನದ ಮೇಲೆ ಕಾರಂತರು ಬರೆದ ಪುಸ್ತಕವನ್ನು ಇಬ್ಬರೂ ಓದಿರಲಿಲ್ಲ.

ಇದೇ ಕಾರಂತರ 'ಬಾಲಪ್ರಪಂಚ'ವನ್ನು ಶಾಲೆಯ ಕಪಾಟಿನಿಂದ ತಂದು ನಾನು ಅಂಗಾತ ಮಲಗಿ ಓದುವಾಗ ಮಾವ ಏನೂ ಹೇಳಿರಲಿಲ್ಲ, ಅದು ಬೇರೆ ಮಾತು.

ವರ್ಷಗಳಾದ ಮೇಲೆ ಒಂದು ಮಳೆಗಾಲ. ಅಡಿಕೆಗೆ ಮದ್ದು ಬಿಡಲು ಹೊಳವು ಸಿಗದೆ ಕೂತ ದಿನಗಳು. ಕೊನೆಗೂ ಆ ಪುಸ್ತಕ, 'ಯಕ್ಷಗಾನ ಬಯಲಾಟ', ಹಿಡಿದೆ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಕೈಯಲ್ಲಿ ಪೆನ್ಸಿಲ್, ತಪ್ಪು ಹಿಡಿಯಲೆಂದೇ. ಮೊದಮೊದಲು ಅಂಚಿನಲ್ಲಿ "ಯಾರು ಹೇಳಿದ್ದು?" ಎಂದು ಗೀಚುತ್ತಾ ಹೋದೆ. ಆಮೇಲಾಮೇಲೆ ಪೆನ್ಸಿಲ್ ನಿಧಾನವಾಯಿತು. ಓಲೆಗರಿಗಳನ್ನು ಹುಡುಕಿ ಅಲೆದ, ರಾಗ, ಕುಣಿತ, ವೇಷ ಒಂದೊಂದನ್ನೂ ಬಿಡಿಸಿ ನೋಡಿದ ಮನುಷ್ಯರೊಬ್ಬರು ಆ ಪುಟಗಳಲ್ಲಿ ಸಿಕ್ಕಿದರು. ರಾತ್ರಿ ಆಟ ನೋಡಿ, ಬೆಳಗ್ಗೆ ಚಾ ಕುಡಿಯುವಷ್ಟರಲ್ಲಿ ಮರೆಯುವ ನಾನು ಅವರಿಗೆ ಏನು ಹೇಳಲಿ?

ಆದರೂ ಸುಬ್ಬನ ವಿಷಯ ಗಂಟಲಲ್ಲಿ ಇಳಿಯಲಿಲ್ಲ. ಹಾಗಾಗಿ ನಮ್ಮ ಸೀಮೆಯವರೇ ಆದ ಮುಳಿಯ ತಿಮ್ಮಪ್ಪಯ್ಯನವರ 'ಪಾರ್ತಿಸುಬ್ಬ' ಓದಿದೆ. ಕಾರಂತರೊಡನೆ ನೇರವಾಗಿ ವಾದಕ್ಕಿಳಿದ ಕುಕ್ಕಿಲ ಕೃಷ್ಣ ಭಟ್ಟರನ್ನು ಓದಿದೆ. ಪ್ರಸಂಗಗಳಲ್ಲಿ ಬರುವ ಕಣ್ವಪುರದ ಕೃಷ್ಣ ಕುಂಬಳೆಯ ದೇವರೇ ಎಂಬ ವಾದ ನನಗೆ ಹೆಚ್ಚು ಗಟ್ಟಿಯೆನಿಸಿತು. ಕಾರಂತರು ಅನುಮಾನಪಟ್ಟದ್ದು ಸರಿಯೇ. ಅನುಮಾನವನ್ನೇ ತೀರ್ಪು ಮಾಡಿಬಿಟ್ಟರಲ್ಲ ಎಂದು ಈಗಲೂ ನನಗೆ ಬೇಸರ. ಆದರೆ ಈ ಬೇಸರವನ್ನು ನಾನೇ ಓದಿ ಸಂಪಾದಿಸಿದ್ದು. ಮಾವನ ಸಿಟ್ಟು ಇದರಲ್ಲಿ ಬೆರೆತಿಲ್ಲ.

ಇದನ್ನೆಲ್ಲ ಮಾವನಿಗೆ ಹೇಳಿದೆ. "ಕೊಡು ನೋಡುವ" ಎಂದು ಕಾರಂತರ ಪುಸ್ತಕ ಒಯ್ದರು. ಎರಡು ಮಳೆಗಾಲ ಕಳೆಯಿತು. ಮೊನ್ನೆ ಕೇಳಲು ಹೋದರೆ, "ಇರಲಿ ಮಾರಾಯ, ಇನ್ನೊಮ್ಮೆ ಓದಬೇಕು. ಅವರಿಗೆ ಉತ್ತರ ಕೊಡುವುದು ಬಾಕಿ ಉಂಟು" ಎಂದರು. ತೆರೆದು ನೋಡಿದೆ. ನನ್ನ ಪೆನ್ಸಿಲ್ ಗೀಚಿನ ಪಕ್ಕದಲ್ಲೇ, ನೀಲಿ ಶಾಯಿಯಲ್ಲಿ, ಮಾವನ ದುಂಡು ಅಕ್ಷರ.